ಲೆಕ್ಕಪರಿಶೋಧನೆಯೂ ಹೊಸ ಯಂತ್ರವೂ

ಸರಕಾರಿ ಕಚೇರಿಯ ಕಾಗದದ ಕಟ್ಟಿಗೆ ನಾವು ಇಂದಿಗೂ 'ಕಡತ'ವೆಂದೇ ಹೇಳುತ್ತೇವೆ. ಈ ಮಾತು ಎಲ್ಲಿಂದ ಬಂತೆಂದು ಯೋಚಿಸುವವರು ಕಡಿಮೆ. ಹಿಂದಿನ ಕಾಲದಲ್ಲಿ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಮಸಿಯನ್ನೂ ಬಳಿದು, ಒಣಗಿಸಿ, ಪುಸ್ತಕದಂತೆ ಮಡಿಸಿ, ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅದೇ ಕಡತ. ಬರೆಯುವವನಿಗೆ ಅದರಲ್ಲೊಂದು ಅನುಕೂಲವಿತ್ತು. ಬರೆದುದನ್ನು ಒರಸಿ ಮತ್ತೆ ಬರೆಯಬಹುದಾಗಿತ್ತು. ಲೆಕ್ಕ ನೋಡಲು ಬಂದವನಿಗೆ ಅದೇ ಅನನುಕೂಲ. ಬಟ್ಟೆ ಹೋಗಿ ಕಾಗದ ಬಂತು. ಕಾಗದದ ಪಕ್ಕಕ್ಕೆ ಗಣಕಯಂತ್ರ ಬಂತು. ಈಗ ಊರೂರಿನ ಗಣಕಯಂತ್ರದಲ್ಲಿ ಬೇರೆ ಬೇರೆಯಾಗಿದ್ದ ಲೆಕ್ಕವನ್ನು ಒಂದೇ ಕೇಂದ್ರದಲ್ಲಿಟ್ಟು, ಅಂತರ್ಜಾಲದ ಮೂಲಕ ಎಲ್ಲಿಂದ ಬೇಕಾದರೂ ಪರಿಶೋಧಿಸುವ ವ್ಯವಸ್ಥೆ ಬರುತ್ತಿದೆ. ಬರೆಯುವವನ ಅನುಕೂಲವೂ ನೋಡುವವನ ಅನನುಕೂಲವೂ ಇದರಿಂದ ಎಷ್ಟರಮಟ್ಟಿಗೆ ಬದಲಾದಾವು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಲೆಕ್ಕಪರಿಶೋಧನೆಯೆಂದ ಕೂಡಲೆ ವಾಣಿಜ್ಯ ವಿಭಾಗದ ಗೆಳೆಯರು ಕಿವಿ ನಿಮಿರಿಸಿಯಾರು; ಕಲಾ ವಿಭಾಗದವರಾದ ನಾವು ಪುಟ ತಿರುವಿ ಕವಿತೆಯನ್ನು ಹುಡುಕಿಯೇವು. ಆದರೆ ಈ ವಿಷಯ ಅಂಕೆಸಂಖ್ಯೆಗಳದ್ದು ಮಾತ್ರವಲ್ಲ. ಪ್ರಜೆಯೊಬ್ಬನು ತೆರಿಗೆ ಕಟ್ಟಿದ ರೂಪಾಯಿ ಎಲ್ಲಿ ಹೋಯಿತೆಂದು ಕೇಳುವ ಹಕ್ಕು ಅವನಿಗಿದೆಯೇ, ಕೇಳಿದರೆ ಉತ್ತರ ಬರುತ್ತದೆಯೇ ಎಂಬುದು ರಾಜ್ಯಶಾಸ್ತ್ರದ ಪ್ರಶ್ನೆ, ಇತಿಹಾಸದ ಪ್ರಶ್ನೆ, ನೀತಿಯ ಪ್ರಶ್ನೆಯೂ ಹೌದು. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ರಾಜನ ಬೊಕ್ಕಸದಿಂದ ಹಣವನ್ನು ಅಪಹರಿಸುವ 40 ಬಗೆಗಳನ್ನು ಎಣಿಸಿಟ್ಟಿದ್ದಾನೆ. ಆಗ ಬೊಕ್ಕಸ ರಾಜನದು; ಈಗ ನಮ್ಮದು. ಅಷ್ಟೇ ವ್ಯತ್ಯಾಸ, ಆದರೆ ಅದು ಸಣ್ಣ ವ್ಯತ್ಯಾಸವಲ್ಲ.

ನಮ್ಮ ದೇಶದಲ್ಲಿ ಆಧುನಿಕ ಲೆಕ್ಕಪರಿಶೋಧನೆಗೆ ದೀರ್ಘವಾದ ಚರಿತ್ರೆಯಿದೆ. ಮೊದಲನೆಯ ಮಹಾಲೆಕ್ಕಪರಿಶೋಧಕರು ಅಧಿಕಾರ ವಹಿಸಿಕೊಂಡದ್ದು 1860ನೆಯ ಇಸವಿಯ ನವೆಂಬರ್ 16ರಂದು. ಅದೇ ದಿನವನ್ನು 2021ರಿಂದ 'ಲೆಕ್ಕಪರಿಶೋಧನಾ ದಿವಸ'ವೆಂದು ಆಚರಿಸುತ್ತಿದ್ದಾರೆ. ಸ್ವತಂತ್ರ ಭಾರತದ ಸಂವಿಧಾನವು 148ರಿಂದ 151ರ ವರೆಗಿನ ವಿಧಿಗಳಲ್ಲಿ ನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರ ಪದವಿಯನ್ನು ಸ್ಥಾಪಿಸಿ, ಅವರನ್ನು ಸುಲಭವಾಗಿ ಪದಚ್ಯುತಗೊಳಿಸಲು ಬಾರದಂತೆ ರಕ್ಷಣೆ ಕೊಟ್ಟಿತು. 1993ರಲ್ಲಿ ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು ಜಾರಿಗೆ ಬಂದ ಮೇಲೆ ಪಂಚಾಯತುಗಳ ಮತ್ತು ನಗರಸಂಸ್ಥೆಗಳ ಲೆಕ್ಕದ ಪರಿಶೋಧನೆಗೂ ಸಂವಿಧಾನದಲ್ಲಿ ಜಾಗ ದೊರೆಯಿತು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯತಿನ ಲೆಕ್ಕವನ್ನು ರಾಜ್ಯದ ಲೆಕ್ಕಪರಿಶೋಧನಾ ಇಲಾಖೆಯೂ, ಜಿಲ್ಲಾ ಮತ್ತು ತಾಲೂಕು ಪಂಚಾಯತುಗಳ ಲೆಕ್ಕವನ್ನು ಮಹಾಲೇಖಪಾಲರ ಕಚೇರಿಯೂ ನೋಡುತ್ತವೆ. ಕಾಯಿದೆಗೆ ಕೊರತೆಯಿಲ್ಲ. ಕೊರತೆಯಿದ್ದುದು ಕಾಯಿದೆಯನ್ನು ನಡೆಸುವ ಕೈಗಳಲ್ಲಿಯೂ ಸಲಕರಣೆಗಳಲ್ಲಿಯೂ.

ಈ ಮಾತು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನಾನು ವಾಸವಾಗಿರುವ ಕುಲಶೇಖರದಲ್ಲಿ, ನಮ್ಮ ಮನೆಯಿಂದ ಎರಡು ಹಿತ್ತಿಲು ಆಚೆ, ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಲೆಕ್ಕಪರಿಶೋಧನೆಯ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಸಂಜೆಯ ಹೊತ್ತು ಜಗಲಿಯಲ್ಲಿ ಕುಳಿತು ಅವರು ಹೇಳುವ ಕತೆಗಳು ಯಾವ ಪತ್ತೇದಾರಿ ಕಾದಂಬರಿಗೂ ಕಡಿಮೆಯಲ್ಲ. ಹಿಂದೆ ಪರಿಶೋಧಕರ ತಂಡವು ಹಾಸಿಗೆ ಕಟ್ಟಿಕೊಂಡು ಹಳ್ಳಿಗೆ ಹೋಗುತ್ತಿತ್ತಂತೆ; ಪಂಚಾಯತ್ ಕಚೇರಿಯ ಮೂಲೆಯ ಮೇಜಿನ ಮೇಲೆ ಕಿರ್ದಿ ಪುಸ್ತಕ, ಖಾತೆ ಪುಸ್ತಕ, ರಶೀದಿ ಪುಸ್ತಕ, ವೋಚರುಗಳ ಕಟ್ಟು ಇವುಗಳನ್ನು ಹರಡಿಕೊಂಡು, ಒಂದೊಂದು ಸಾಲಿಗೂ ಬಣ್ಣದ ಪೆನ್ಸಿಲಿನಿಂದ ಗುರುತು ಹಾಕುತ್ತ ದಿನಗಟ್ಟಲೆ ಕೂರುತ್ತಿದ್ದರಂತೆ.

"ಗಣಕಯಂತ್ರ ಬಂದ ಮೇಲೆ ನಿಮಗೆ ಕೆಲಸ ಹಗುರವಾಯಿತಲ್ಲವೇ ರಾಯರೇ?" ಎಂದು ನಾನು ಕೇಳಿದೆ.

"ಹಗುರವಾದದ್ದು ಬೆರಳಿಗೆ ತಮ್ಮಾ, ತಲೆಗಲ್ಲ" ಎಂದರು. "ಒಂದೊಂದು ಕಚೇರಿಗೆ ಒಂದೊಂದು ಯಂತ್ರ. ಒಂದೊಂದು ಯಂತ್ರದಲ್ಲಿ ಒಂದೊಂದು ಬಗೆಯ ನಮೂನೆ. ಪಕ್ಕದ ಕಚೇರಿಯಲ್ಲಿ ಏನಿದೆಯೆಂದು ನಮಗೆ ಗೊತ್ತಿಲ್ಲ, ನಮ್ಮಲ್ಲಿ ಏನಿದೆಯೆಂದು ಮೇಲಿನವರಿಗೆ ಗೊತ್ತಿಲ್ಲ. ವರದಿಯನ್ನು ಯಂತ್ರದಲ್ಲಿ ಬರೆಯುವುದು, ಅಚ್ಚು ತೆಗೆಯುವುದು, ಅಂಚೆಗೆ ಹಾಕುವುದು. ಯಂತ್ರ ಕೆಟ್ಟರೆ ಆ ವರ್ಷದ ವರದಿಯೂ ಹೋಯಿತು. ಮೊದಲು ಗೆದ್ದಲು ತಿನ್ನುತ್ತಿತ್ತು, ಆಮೇಲೆ ವೈರಸ್ ತಿಂದಿತು. ಇಷ್ಟೇ ಸುಧಾರಣೆ."

ಅವರು ಹೇಳಿದ ಇನ್ನೊಂದು ಸಂಗತಿ ನನ್ನ ಮನಸ್ಸಿನಲ್ಲಿ ನಿಂತಿದೆ. ಯಾವುದೋ ಒಂದು ಊರಿನಲ್ಲಿ ಬಾವಿಯ ಕೆಲಸಕ್ಕೆಂದು ಒಬ್ಬರು ಮುಂಗಡ ಹಣ ತೆಗೆದುಕೊಂಡಿದ್ದರು. ಅದಕ್ಕೆ ವೋಚರು ಬರಲಿಲ್ಲ. ಪರಿಶೋಧಕರು ಆಕ್ಷೇಪಣೆ ಬರೆದರು, ಉತ್ತರವಿಲ್ಲ. ಮರುವರ್ಷ ಬೇರೆ ಪರಿಶೋಧಕರು ಬಂದರು. ಹಿಂದಿನ ಆಕ್ಷೇಪಣೆ ಅವರ ಕಣ್ಣಿಗೆ ಬೀಳಲಿಲ್ಲ. ಅವರು ಹೊಸದೆಂಬಂತೆ ಅದನ್ನೇ ಬರೆದರು. ಹೀಗೆ ಆರು ವರ್ಷ ನಡೆಯಿತು. "ಮುಂಗಡ ತೆಗೆದುಕೊಂಡವರು ತೀರಿಹೋದರು, ಕಚೇರಿಯ ಗುಮಾಸ್ತರು ನಿವೃತ್ತರಾದರು, ನಾನೂ ನಿವೃತ್ತನಾದೆ. ಆಕ್ಷೇಪಣೆ ಮಾತ್ರ ಇನ್ನೂ ಸೇವೆಯಲ್ಲಿದೆ" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ಆ ಊರಿನವರಿಗೆ ಬಾವಿ ಸಿಕ್ಕಿತೋ ಇಲ್ಲವೋ ಎಂಬ ಯೋಚನೆಯೇ ಬಂತು.

ಲೆಕ್ಕಗಳು ಚದರಿಹೋಗಿದ್ದರೆ ಆಗುವ ಹಾನಿ ಒಂದು ಬಾವಿಯಷ್ಟಕ್ಕೆ ನಿಲ್ಲುವುದಿಲ್ಲ. ಬಿಹಾರದ ಮೇವು ಹಗರಣವನ್ನು ನಾವೆಲ್ಲರೂ ಕೇಳಿದ್ದೇವೆ. ಪಶುಸಂಗೋಪನೆಯ ಹೆಸರಿನಲ್ಲಿ ಒಂದೊಂದು ಜಿಲ್ಲೆಯ ಖಜಾನೆಯಿಂದಲೂ ಸುಳ್ಳು ಬಿಲ್ಲುಗಳ ಮೇಲೆ ವರ್ಷಗಟ್ಟಲೆ ಹಣ ಹೊರಗೆ ಹೋಯಿತು. ಖಜಾನೆಗಳ ಲೆಕ್ಕ ತಿಂಗಳು ತಿಂಗಳಿಗೆ ಸರಿಯಾಗಿ ಬರುತ್ತಿಲ್ಲ, ಇದು ಅಪಾಯದ ಸೂಚನೆಯೆಂದು 1985ರಲ್ಲಿಯೇ ಅಂದಿನ ಮಹಾಲೆಕ್ಕಪರಿಶೋಧಕರಾಗಿದ್ದ ಟಿ. ಎನ್. ಚತುರ್ವೇದಿಯವರು, ಮುಂದೆ ನಮ್ಮ ಕರ್ನಾಟಕದ ರಾಜ್ಯಪಾಲರಾದವರು, ಎಚ್ಚರಿಸಿದ್ದರು. ಆದರೂ ಚಾಯಿಬಾಸಾದ ಕಚೇರಿಗಳಲ್ಲಿ ದಾಳಿ ನಡೆದು ವಿಷಯ ಬಯಲಿಗೆ ಬಂದದ್ದು 1996ರಲ್ಲಿ. ಒಂದೊಂದು ಖಜಾನೆಯ ಪುಸ್ತಕವೂ ಒಂದೊಂದು ದ್ವೀಪವಾಗಿದ್ದರೆ, ಎಲ್ಲವನ್ನೂ ಕೂಡಿಸಿ ಮೊತ್ತವನ್ನು ನೋಡುವ ಕಣ್ಣು ಎಲ್ಲಿಯೂ ಇರುವುದಿಲ್ಲ. ಕಳ್ಳನಿಗೆ ಬೇಕಾದದ್ದೂ ಅಷ್ಟೇ.

ಆದುದರಿಂದ ಲೆಕ್ಕವನ್ನು ಒಂದೆಡೆಗೆ ತರಬೇಕೆಂಬ ಯತ್ನ ಸ್ವಾಗತಾರ್ಹವೆಂಬುದರಲ್ಲಿ ನನಗೆ ಸಂದೇಹವಿಲ್ಲ. ನಮ್ಮ ರಾಜ್ಯವೇ ಇದರಲ್ಲಿ ಒಳ್ಳೆಯ ಪಾಠ ಕಲಿತಿದೆ. 2000ದ ಬಳಿಕ ಕೆಲವೇ ವರ್ಷಗಳಲ್ಲಿ 'ಖಜಾನೆ' ಎಂಬ ಹೆಸರಿನ ತಂತ್ರಾಂಶವು ಜಿಲ್ಲಾ ಮತ್ತು ತಾಲೂಕು ಖಜಾನೆಗಳಿಗೆ ಬಂತು. ಉಪಗ್ರಹ ಸಂಪರ್ಕದ ಮೂಲಕ ಅವು ಬೆಂಗಳೂರಿನ ಕೇಂದ್ರಕ್ಕೆ ಸೇರಿಕೊಂಡವು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಆದರೆ ಯಂತ್ರಗಳಿಗೂ ಮುಪ್ಪು ಬರುತ್ತದೆ. ಹಳೆಯದನ್ನು ಬಿಟ್ಟು 'ಖಜಾನೆ-2' ಎಂಬ ವೆಬ್ ವ್ಯವಸ್ಥೆಯನ್ನು ಕಟ್ಟಬೇಕಾಯಿತು. ಈಗ ಅಧಿಕಾರಿಯು ತನ್ನ ಕಚೇರಿಯಲ್ಲಿ ಕುಳಿತೇ ಬಿಲ್ಲನ್ನು ಸಲ್ಲಿಸುತ್ತಾನೆ. ಸರಕಾರಕ್ಕೆ ಹಣ ಕಟ್ಟುವ ಪ್ರಜೆಯು ಮನೆಯಲ್ಲಿಯೇ ಚಲನ್ ತಯಾರಿಸಬಲ್ಲನು. ಖಜಾನೆಯಲ್ಲಿ ಆದುದು ಪರಿಶೋಧನೆಯಲ್ಲಿಯೂ ಆಗಬೇಕಲ್ಲವೇ? ಖರ್ಚು ಮಾಡುವವನ ಕೈಗೆ ಮಿಂಚಿನ ಯಂತ್ರವನ್ನು ಕೊಟ್ಟು, ಅದನ್ನು ಪರೀಕ್ಷಿಸುವವನ ಕೈಯಲ್ಲಿ ಬಣ್ಣದ ಪೆನ್ಸಿಲನ್ನೇ ಉಳಿಸಿದರೆ ಓಟದಲ್ಲಿ ಯಾರು ಗೆಲ್ಲುವರೆಂದು ಹೇಳಬೇಕಾಗಿಲ್ಲ.

ಪರಿಶೋಧನೆಯಲ್ಲಿಯೂ ಆರಂಭವಾಗಿದೆ. ಪಂಚಾಯತುಗಳಿಗಾಗಿ ಕೇಂದ್ರ ಸರಕಾರವು ಹಿಂದೆ ಯೋಜನೆಗೆ ಒಂದು, ಜಮಾಖರ್ಚಿಗೆ ಒಂದು, ಕಾಮಗಾರಿಗೆ ಒಂದು ಎಂದು ಬೇರೆ ಬೇರೆ ತಂತ್ರಾಂಶಗಳನ್ನು ಕೊಟ್ಟಿತ್ತು. ಅವುಗಳ ಕೆಲಸವನ್ನು ಒಂದುಗೂಡಿಸಿದ 'ಇ-ಗ್ರಾಮಸ್ವರಾಜ್' 2020ರ ಏಪ್ರಿಲ್ 24ರಂದು ಬಂತು. ಅದೇ ತಿಂಗಳ 15ರಂದು 'ಆಡಿಟ್‌ಆನ್‌ಲೈನ್' ಎಂಬ ವ್ಯವಸ್ಥೆ ಆರಂಭವಾಗಿತ್ತು. ಪರಿಶೋಧಕನ ಪ್ರಶ್ನೆ, ಪಂಚಾಯತಿನ ಉತ್ತರ, ಒಪ್ಪದಿದ್ದರೆ ಆಕ್ಷೇಪಣೆ, ಕೊನೆಗೆ ವರದಿ, ಇವೆಲ್ಲವೂ ಅದರಲ್ಲಿ ಒಂದೇ ಕಡೆ ದಾಖಲಾಗುತ್ತವೆ. ಮಹಾಲೆಕ್ಕಪರಿಶೋಧಕರ ಇಲಾಖೆಯೂ ದೇಶದಾದ್ಯಂತ ಇರುವ ತನ್ನ ಕಚೇರಿಗಳಿಗೆಲ್ಲ ಒಂದೇ ವೆಬ್ ವ್ಯವಸ್ಥೆಯನ್ನು ಇತ್ತೀಚಿನ ವರ್ಷಗಳಲ್ಲಿ ತಂದುಕೊಂಡಿದೆ. ನಮ್ಮ ನೆರೆಮನೆಯ ಹಿರಿಯರು ಹೇಳಿದ ಬಾವಿಯ ಆಕ್ಷೇಪಣೆ ಇಂತಹ ವ್ಯವಸ್ಥೆಯಲ್ಲಿ ದಾಖಲಾಗಿದ್ದರೆ, ಎರಡನೆಯ ವರ್ಷದ ಪರಿಶೋಧಕರು ಪುಟ ತೆರೆದೊಡನೆಯೇ ಅದು ಎದುರಿಗೆ ನಿಲ್ಲುತ್ತಿತ್ತು.

ಇಷ್ಟು ಹೇಳಿ ಲೇಖನವನ್ನು ಮುಗಿಸಬಹುದಾಗಿತ್ತು. ಹೊಸದೆಲ್ಲ ಒಳ್ಳೆಯದೆಂದು ನಂಬುವವರಿಗೆ ಅದು ಮೆಚ್ಚುಗೆಯೂ ಆಗುತ್ತಿತ್ತು. ಆದರೆ ಇನ್ನೊಂದು ದೇಶದ ಕತೆಯನ್ನು ಕೇಳಿದ ಮೇಲೆ ಹಾಗೆ ಮುಗಿಸಲು ಮನಸ್ಸೊಪ್ಪುವುದಿಲ್ಲ. ಇಂಗ್ಲೆಂಡಿನ ಅಂಚೆ ಸಂಸ್ಥೆಯು 1999ರಿಂದ ತನ್ನ ಸಾವಿರಾರು ಅಂಚೆ ಕಚೇರಿಗಳಲ್ಲಿ 'ಹೊರೈಜನ್' ಎಂಬ ಲೆಕ್ಕದ ತಂತ್ರಾಂಶವನ್ನು ಸ್ಥಾಪಿಸಿತು. ಲೆಕ್ಕವೆಲ್ಲ ಕೇಂದ್ರಕ್ಕೆ ಸೇರುತ್ತಿತ್ತು. ಕೆಲವು ಕಾಲದಲ್ಲಿಯೇ ಹಳ್ಳಿಯ ಅಂಚೆ ಕಚೇರಿಗಳಲ್ಲಿ ಹಣ ಕಡಿಮೆಯಿದೆಯೆಂದು ಯಂತ್ರ ತೋರಿಸತೊಡಗಿತು. "ನಾವು ತೆಗೆದಿಲ್ಲ, ಯಂತ್ರವೇ ತಪ್ಪು" ಎಂದು ಆ ಉಪ ಅಂಚೆಪಾಲರು ಹೇಳಿದರು, ಯಾರೂ ನಂಬಲಿಲ್ಲ. ಒಬ್ಬೊಬ್ಬರಿಗೂ, ಈ ದೂರು ನಿನ್ನದೊಂದೇ ಎಂಬ ಭಾವನೆ ಬರುವಂತೆ ಮಾಡಲಾಯಿತು. ಕೆಲವರು ಇಲ್ಲದ ಕೊರತೆಯನ್ನು ಮನೆ ಮಾರಿ ತುಂಬಿದರು. ಕೆಲವರು ಜೈಲಿಗೆ ಹೋದರು. ಹೀಗೆ ಶಿಕ್ಷೆಗೊಳಗಾದವರು 900ಕ್ಕೂ ಹೆಚ್ಚು ಮಂದಿ. ಯಂತ್ರದಲ್ಲಿ ದೋಷಗಳಿದ್ದುವೆಂದು ಅಲ್ಲಿಯ ಉಚ್ಚ ನ್ಯಾಯಾಲಯವು 2019ರಲ್ಲಿ ತೀರ್ಪು ಕೊಟ್ಟಿತು; ಶಿಕ್ಷೆಗಳನ್ನು ಒಟ್ಟಾಗಿ ರದ್ದುಮಾಡಲು 2024ರಲ್ಲಿ ಪಾರ್ಲಿಮೆಂಟು ಕಾಯಿದೆಯನ್ನೇ ಮಾಡಬೇಕಾಯಿತು. ಅಷ್ಟರಲ್ಲಿ ಎಷ್ಟೋ ಮಂದಿ ಕಳಂಕವನ್ನು ಹೊತ್ತುಕೊಂಡೇ ತೀರಿಹೋಗಿದ್ದರು.

ಇಲ್ಲಿ ತಪ್ಪಿದ್ದು ಎಲ್ಲಿ? ಯಂತ್ರ ತಪ್ಪು ಮಾಡಿತೆಂಬುದು ದೊಡ್ಡ ಮಾತಲ್ಲ. ಮನುಷ್ಯನೂ ಕೂಡಿಸುವಾಗ ತಪ್ಪುತ್ತಾನೆ. ಯಂತ್ರ ಹೇಳಿದ್ದೇ ಸತ್ಯ, ಮನುಷ್ಯ ಹೇಳಿದ್ದು ಸುಳ್ಳು ಎಂದು ಮೊದಲೇ ತೀರ್ಮಾನಿಸಿಬಿಟ್ಟದ್ದು ದೊಡ್ಡ ತಪ್ಪು. ಯಂತ್ರದೊಳಗಿನ ಲೆಕ್ಕವನ್ನು ಆ ಅಂಚೆಪಾಲರು ತಾವಾಗಿಯೇ ಪೂರ್ತಿ ನೋಡುವಂತಿರಲಿಲ್ಲ. ಅದನ್ನು ಎದುರಿಸಲು ಅವರ ಕೈಯಲ್ಲಿ ಇನ್ನೊಂದು ಪ್ರತಿಯಿರಲಿಲ್ಲ. ಲೆಕ್ಕ ಒಂದೇ ಕಡೆ ಇತ್ತು. ಅದನ್ನು ನೋಡುವ ಕಣ್ಣೂ ಒಂದೇ ಕಡೆ ಇತ್ತು.

ನಮ್ಮ ಜಿಲ್ಲೆಯ ಜನರಿಗೆ ಇದಕ್ಕೆ ಮದ್ದು ತಿಳಿಯದ್ದಲ್ಲ. ದಕ್ಷಿಣ ಕನ್ನಡವು ಬ್ಯಾಂಕುಗಳ ತೊಟ್ಟಿಲೆಂದು ಹೆಸರಾದದ್ದು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕೂ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕೂ, 1924ರಲ್ಲಿ ಕರ್ನಾಟಕ ಬ್ಯಾಂಕೂ, 1925ರಲ್ಲಿ ಸಿಂಡಿಕೇಟ್ ಬ್ಯಾಂಕೂ, 1931ರಲ್ಲಿ ವಿಜಯಾ ಬ್ಯಾಂಕೂ ಹುಟ್ಟಿದ ನೆಲವಿದು. ಇವುಗಳಲ್ಲಿ ಕೆಲವು 2019 ಮತ್ತು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನಗೊಂಡವು. ಆದರೆ ಅವು ಕಲಿಸಿದ ಪಾಠ ವಿಲೀನವಾಗಬಾರದು. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಪ್ರತಿನಿಧಿಯು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನಾದರೂ ಪಡೆದುಕೊಂಡು ಹೋಗುತ್ತಿದ್ದನು. ಕೊಟ್ಟ ಎರಡಾಣೆ ಬರವಣಿಗೆಯಲ್ಲಿ ತನ್ನ ಕೈಗೂ ಬಂದಿರಬೇಕೆಂಬುದೇ ಇಂತಹ ಉಳಿತಾಯದ ಜೀವಾಳ. ಬ್ಯಾಂಕಿನ ದೊಡ್ಡ ಖಾತೆ ಪುಸ್ತಕ ಒಂದು ಕಡೆ. ಮೀನು ಮಾರುವವಳ, ಬೀಡಿ ಕಟ್ಟುವವಳ ಸೆರಗಿನ ಗಂಟಿನಲ್ಲಿ ಇನ್ನೊಂದು ಪುಟ್ಟ ಪುಸ್ತಕ. ಎರಡೂ ತಾಳೆಯಾದರೆ ಮಾತ್ರ ಲೆಕ್ಕ ಸರಿ.

ಕುಲಶೇಖರದಲ್ಲಿಯೇ ಇನ್ನೊಂದು ಉದಾಹರಣೆಯಿದೆ. ದಕ್ಷಿಣ ಕನ್ನಡ ಹಾಲು ಒಕ್ಕೂಟದ ಡೇರಿ ನಮ್ಮ ಊರಿನಲ್ಲಿದೆ; ಹಾಲಿನ ಟ್ಯಾಂಕರುಗಳು ನಮ್ಮ ರಸ್ತೆಯಲ್ಲಿ ಓಡಾಡುವುದನ್ನು ನೋಡುತ್ತಲೇ ನಾವು ಬೆಳೆದೆವು. ಆ ಹಾಲು ಹಳ್ಳಿಯ ಸಂಘಗಳಿಂದ ಬರುತ್ತದೆ. ನನ್ನ ಸಹಪಾಠಿಯೊಬ್ಬನ ತಾಯಿ ಅಂತಹ ಒಂದು ಸಂಘಕ್ಕೆ ದಿನವೂ ಹಾಲು ಹಾಕುತ್ತಾರೆ. ಹಾಲನ್ನು ಅಳೆದು, ಕೊಬ್ಬಿನ ಅಂಶವನ್ನು ಯಂತ್ರದಲ್ಲಿ ಪರೀಕ್ಷಿಸಿ, ಅಳತೆಯನ್ನೂ ಅಂಶವನ್ನೂ ಬೆಲೆಯನ್ನೂ ಮುದ್ರಿಸಿದ ಒಂದು ಚೀಟಿಯನ್ನು ಅಲ್ಲಿಯೇ ಕೈಗೆ ಕೊಡುತ್ತಾರೆ. ಆ ತಾಯಿ ಹೆಚ್ಚು ಓದಿದವರಲ್ಲ. ಆದರೆ ಚೀಟಿಗಳನ್ನೆಲ್ಲ ಗೋಡೆಯ ಮೊಳೆಗೆ ಸಿಕ್ಕಿಸಿಟ್ಟು, ಹಣ ಬಂದ ದಿನ ಕೂಡಿಸಿ ನೋಡುತ್ತಾರೆ. ಒಂದು ದಿನದ ಅಂಶ ಕಡಿಮೆ ಕಂಡರೆ ಮರುದಿನ ಬೆಳಿಗ್ಗೆಯೇ ಕೇಳುತ್ತಾರೆ. ಇದಕ್ಕಿಂತ ಉತ್ತಮವಾದ ಲೆಕ್ಕಪರಿಶೋಧನೆ ಯಾವುದು? ಯಂತ್ರವೂ ಇದೆ, ಯಂತ್ರವನ್ನು ಪ್ರಶ್ನಿಸುವ ಚೀಟಿಯೂ ಇದೆ.

ನಾನು ಹೇಳಬೇಕಾದುದೂ ಇಷ್ಟೇ: ಲೆಕ್ಕವು ಒಂದೆಡೆ ಸೇರಲಿ, ಆದರೆ ಅದನ್ನು ನೋಡುವ ಕಣ್ಣುಗಳು ಊರೂರಿನಲ್ಲಿರಲಿ. ಕೇಂದ್ರದ ಯಂತ್ರವು ಮೇಲಿನವರು ಕೆಳಗಿನವರನ್ನು ನೋಡುವ ಕಿಟಕಿ ಮಾತ್ರವಾದರೆ ಅರ್ಧ ಕೆಲಸವಾದಂತೆ. ಕೆಳಗಿನವರು ಮೇಲಿನವರನ್ನು ನೋಡುವ ಕಿಟಕಿಯೂ ಅದೇ ಆಗಬೇಕು. ಇದಕ್ಕಾಗಿ ಹಳೆಯದನ್ನು ಹೊಸದಕ್ಕೆ ಸಾಗಿಸುವಾಗ ಕೆಲವು ಸಂಗತಿಗಳನ್ನು ಮರೆಯಬಾರದು.

ಮೊದಲನೆಯದಾಗಿ, ಹಳೆಯ ಆಕ್ಷೇಪಣೆಗಳು ಹೊಸ ಮನೆಗೆ ಬರಬೇಕು. ಮನೆ ಬದಲಾಯಿಸುವಾಗ ಹಳೆಯ ಸಾಲದ ಪತ್ರಗಳನ್ನು ಹಿಂದಿನ ಮನೆಯಲ್ಲಿಯೇ 'ಮರೆತು' ಬರುವ ಜಾಣರಿರುತ್ತಾರೆ. ಹೊಸ ತಂತ್ರಾಂಶದಲ್ಲಿ ಈ ವರ್ಷದಿಂದ ಲೆಕ್ಕ ಶುರುವೆಂದು ಹೇಳಿ, ಹಿಂದಿನ ವರ್ಷಗಳ ಉತ್ತರವಿಲ್ಲದ ಆಕ್ಷೇಪಣೆಗಳನ್ನು ಹಳೆಯ ಯಂತ್ರದೊಂದಿಗೆ ಗುಜರಿಗೆ ಹಾಕಿದರೆ, ಅದು ಸುಧಾರಣೆಯಲ್ಲ, ಕ್ಷಮಾದಾನ. ಇದರಲ್ಲಿ ಕನ್ನಡಕ್ಕೇ ವಿಶೇಷವಾದ ಒಂದು ತೊಡಕಿದೆ. ಹಿಂದಿನ ವರದಿಗಳು ಹೆಚ್ಚಾಗಿ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿವೆ. ಯೂನಿಕೋಡಿಗೆ ಬದಲಾಯಿಸದೆ ಅವುಗಳನ್ನು ವೆಬ್ ವ್ಯವಸ್ಥೆಗೆ ಏರಿಸಿದರೆ ಅಕ್ಷರಗಳೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತವೆ. ಊರಿನ ಹೆಸರು ಕೊಟ್ಟು ಹುಡುಕಿದರೆ ಏನೂ ಸಿಗುವುದಿಲ್ಲ. ಕಾಗದ ಸುಟ್ಟರೆ ಬೂದಿಯಾದರೂ ಉಳಿಯುತ್ತದೆ. ಇಲ್ಲಿ ವರದಿ ಇದ್ದೂ ಇಲ್ಲದಂತೆ. ಈ ಪರಿವರ್ತನೆ ಕಷ್ಟದ ಕೆಲಸವಲ್ಲ, ಆದರೆ ತಾಳ್ಮೆಯ ಕೆಲಸ. ಪ್ರತಿ ಪುಟವನ್ನೂ ಕಣ್ಣಿಟ್ಟು ನೋಡಬೇಕು.

ಎರಡನೆಯದಾಗಿ, ಯಂತ್ರದಲ್ಲಿ ಒಮ್ಮೆ ಬರೆದುದನ್ನು ಯಾರು ತಿದ್ದಿದರು, ಯಾವ ದಿನ ತಿದ್ದಿದರು, ತಿದ್ದುವ ಮೊದಲು ಏನಿತ್ತು ಎಂಬುದು ಅಳಿಯದೆ ಉಳಿಯಬೇಕು. ಕಡತದ ಬಳಪದಂತೆ ಒರಸುವ ಅನುಕೂಲ ಇಲ್ಲಿ ಯಾರಿಗೂ ಇರಬಾರದು, ಕೇಂದ್ರದಲ್ಲಿ ಕುಳಿತವರಿಗಂತೂ ಇರಲೇಬಾರದು. ಅಂತೆಯೇ, ಯಂತ್ರ ತೋರಿಸಿದ ಕೊರತೆ ತನ್ನದಲ್ಲವೆಂದು ಪಂಚಾಯತಿನ ಗುಮಾಸ್ತನು ಹೇಳಿದರೆ ಅದನ್ನು ಕೇಳಿ ಪರೀಕ್ಷಿಸುವ ದಾರಿ ವ್ಯವಸ್ಥೆಯೊಳಗೇ ಇರಬೇಕು. ಇಂಗ್ಲೆಂಡಿನ ಅಂಚೆಪಾಲರಿಗೆ ಇಲ್ಲದೆಹೋದದ್ದು ಇದೇ ದಾರಿ.

ಮೂರನೆಯದಾಗಿ, ಪರಿಶೋಧಕನು ಊರಿಗೆ ಹೋಗುವುದನ್ನು ಬಿಡಬಾರದು. ಬೆಂಗಳೂರಿನಲ್ಲಿ ಕುಳಿತು ವೋಚರಿನ ಚಿತ್ರವನ್ನು ನೋಡಬಹುದು. ಬಾವಿಯಲ್ಲಿ ನೀರಿದೆಯೇ ಎಂದು ನೋಡಲಾಗದು. ನಮ್ಮ ನೆರೆಮನೆಯ ಹಿರಿಯರ ಮಾತಿನಲ್ಲಿ ಹೇಳುವುದಾದರೆ, "ವೋಚರು ಸರಿಯಿದ್ದ ಮಾತ್ರಕ್ಕೆ ಮೋರಿ ಸರಿಯಿರುತ್ತದೆಯೆಂದಿಲ್ಲ. ಮಳೆಗಾಲದಲ್ಲಿ ಒಮ್ಮೆ ಹೋಗಿ ನಿಲ್ಲಬೇಕು." ಯಂತ್ರದಿಂದ ಉಳಿದ ಹೊತ್ತನ್ನು ಈ ನಿಲ್ಲುವ ಕೆಲಸಕ್ಕೆ ಬಳಸಿದರೆ ಯಂತ್ರ ಸಾರ್ಥಕ. ಸಿಬ್ಬಂದಿಯನ್ನು ಕಡಿಮೆ ಮಾಡುವುದಕ್ಕೆ ಅದನ್ನು ನೆಪವಾಗಿಸಿದರೆ ಅನರ್ಥ.

ಕೊನೆಯದಾಗಿ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಹಾಲಿನ ಚೀಟಿಯಂತೆ ಪರಿಶೋಧನಾ ವರದಿಯೂ ಊರಿನವರ ಕೈಗೆ ಬರಬೇಕು, ಕನ್ನಡದಲ್ಲಿ ಬರಬೇಕು, ಓದಿದರೆ ತಿಳಿಯುವ ಕನ್ನಡದಲ್ಲಿ ಬರಬೇಕು. ಮಾಹಿತಿಯನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯಿದೆ ಹೇಳಿದೆ. ನಮ್ಮ ರಾಜ್ಯದಲ್ಲಿಯಂತೂ ಗ್ರಾಮ ಪಂಚಾಯತುಗಳಲ್ಲಿ 'ಜಮಾಬಂದಿ' ನಡೆಸುವ ನಿಯಮವೇ 2004ರಲ್ಲಿ ಬಂದಿದೆ. ಆ ದಿನ ಪಂಚಾಯತಿನ ಲೆಕ್ಕಪತ್ರಗಳನ್ನೂ ಮಾಡಿದ ಕಾಮಗಾರಿಗಳನ್ನೂ ಜನರ ಎದುರಿನಲ್ಲಿಯೇ ಪರಿಶೀಲಿಸಬೇಕು. ಒಂದು ಕಾಲಕ್ಕೆ ರೈತನಿಂದ ಸರಕಾರವು ಕಂದಾಯದ ಲೆಕ್ಕ ಕೇಳುತ್ತಿದ್ದುದಕ್ಕೆ ಜಮಾಬಂದಿಯೆಂದು ಹೆಸರಿತ್ತು. ಈಗ ಜನರೇ ಪಂಚಾಯತಿನ ಲೆಕ್ಕ ಕೇಳುವುದಕ್ಕೆ ಅದೇ ಹೆಸರು. ಒಂದು ಮಾತು ಹೀಗೆ ತಲೆಕೆಳಗಾದುದೇ ಪ್ರಜಾಪ್ರಭುತ್ವದ ಚರಿತ್ರೆ. ಹೊಸ ಯಂತ್ರವು ಈ ಜಮಾಬಂದಿಗೆ ಬೇಕಾದ ಪುಟವನ್ನು ಊರಿನ ಹೆಸರಿನಡಿಯಲ್ಲಿ ತೆರೆದಿಡಬೇಕು: ಇಷ್ಟು ಹಣ ಬಂತು, ಇಷ್ಟು ಖರ್ಚಾಯಿತು, ಇಷ್ಟು ಆಕ್ಷೇಪಣೆಗಳಿವೆ, ಇವಕ್ಕೆ ಇಷ್ಟು ವರ್ಷಗಳಿಂದ ಉತ್ತರವಿಲ್ಲ. ನಗರದಲ್ಲಿರುವ ನಮಗೂ ನಮ್ಮ ವಾರ್ಡಿನ ಹೆಸರಿನಡಿಯಲ್ಲಿ ಅಂತಹ ಪುಟ ಬೇಕು.

"ಜನರು ಅದನ್ನೆಲ್ಲ ಓದುತ್ತಾರೆಯೇ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಜಮಾಬಂದಿಗೆ ಬರುವವರು ಕಡಿಮೆಯೆಂದು ಹಳ್ಳಿಯಿಂದ ಬರುವ ನನ್ನ ಗೆಳೆಯರು ಹೇಳುತ್ತಾರೆ. ಆದರೆ ಓದುವವರಿಲ್ಲವೆಂದು ಪುಸ್ತಕವನ್ನು ಬೀಗ ಹಾಕಿಡುವ ಗ್ರಂಥಪಾಲರನ್ನು ನಾವು ಒಪ್ಪುವೆವೇ? ಹಾಲಿನ ಚೀಟಿಯನ್ನು ಓದುವ ತಾಯಿ, ಊರಿನ ಬಾವಿಯ ಲೆಕ್ಕವನ್ನು ಓದಲಾರಳೆಂದು ಹೇಳುವುದು ಅವಳಿಗೆ ಮಾಡುವ ಅವಮಾನ. ಅವಳಿಗೆ ಬೇಕಾದುದು ತನ್ನ ಭಾಷೆಯ ಒಂದು ಪುಟ, ಮತ್ತು ಅದನ್ನು ತೆರೆದು ತೋರಿಸುವ ಒಬ್ಬ ಓದಿದ ಮಗ ಅಥವಾ ಮಗಳು.

ಆ ಮಗನೂ ಮಗಳೂ ನಾವೇ ಅಲ್ಲವೇ? ಸರಕಾರದ ಹಣದಿಂದ ನಡೆಯುವ ಕಾಲೇಜಿನಲ್ಲಿ ನಾವು ಓದುತ್ತಿದ್ದೇವೆ. ನಮ್ಮ ಬೆಂಚು, ನಮ್ಮ ಪುಸ್ತಕ, ನಮ್ಮ ಅಧ್ಯಾಪಕರ ಸಂಬಳ ಎಲ್ಲವೂ ಯಾವುದೋ ಒಂದು ಲೆಕ್ಕದ ಸಾಲಿನಲ್ಲಿವೆ. ನಮ್ಮಲ್ಲಿ ಕೆಲವರು ನಾಳೆ ಸ್ಪರ್ಧಾತ್ಮಕ ಪರೀಕ್ಷೆ ಬರೆದು ಗುಮಾಸ್ತರಾಗಿ, ಲೆಕ್ಕ ಸಹಾಯಕರಾಗಿ, ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳಾಗಿ ಈ ಯಂತ್ರದ ಮುಂದೆಯೇ ಕೂರುವವರು. ಉಳಿದವರು ಅದರ ಆಚೆಗೆ, ತೆರಿಗೆ ಕಟ್ಟುವ ಕಡೆಯಲ್ಲಿ, ನಿಲ್ಲುವವರು. ಎರಡು ಕಡೆಯವರಿಗೂ ಕರ್ತವ್ಯವಿದೆ. ಒಳಗೆ ಕೂತವನು ಒರಸದಿರಲಿ; ಹೊರಗೆ ನಿಂತವನು ಕೇಳದಿರದಿರಲಿ. ರಜೆಯಲ್ಲಿ ಊರಿಗೆ ಹೋದಾಗ ಜಮಾಬಂದಿಯ ದಿನ ಯಾವುದೆಂದು ಒಮ್ಮೆ ವಿಚಾರಿಸಿ, ಅಲ್ಲಿಗೆ ಹೋಗಿ, ಒಂದೇ ಒಂದು ಕಾಮಗಾರಿಯ ಲೆಕ್ಕವನ್ನು ಓದಿ, ಆ ಕಾಮಗಾರಿಯನ್ನು ಕಣ್ಣಾರೆ ನೋಡಿ ಬರೋಣ. ಇದಕ್ಕೆ ವಾಣಿಜ್ಯಶಾಸ್ತ್ರದ ಪದವಿ ಬೇಕಾಗಿಲ್ಲ.

ಈ ಲೇಖನವನ್ನು ಬರೆಯುತ್ತಿದ್ದೇನೆಂದು ಹೇಳಿದಾಗ ನಮ್ಮ ನೆರೆಮನೆಯ ಹಿರಿಯರು ಕೇಳಿದ್ದು ಒಂದೇ ಮಾತು: "ಆ ಹೊಸ ಯಂತ್ರದಲ್ಲಿ ನನ್ನ ಬಾವಿಯ ಆಕ್ಷೇಪಣೆ ಇದೆಯೋ ನೋಡು ತಮ್ಮಾ." ಅದನ್ನು ನೋಡುವ ಪುಟ ನನಗೆ ಸಿಗಲಿಲ್ಲ. ಅದು ಸಿಗುವ ದಿನ ಹೊಸ ವ್ಯವಸ್ಥೆ ನಿಜವಾಗಿಯೂ ಬಂತೆಂದು ನಾನು ನಂಬುತ್ತೇನೆ.